ಹತ್ತೊಂಬತ್ತು ಕೋಟಿ ಕಡಿಮೆ

ಡೆನೀಸ್ ಪಾರ್ಫಿಟ್ ಇಪ್ಪತ್ತೆಂಟು ವರ್ಷ ಸರ್ಕಾರಕ್ಕೆ ಸಾಲ ಎತ್ತಿಕೊಟ್ಟರು. ಅದರಲ್ಲಿ ಹನ್ನೊಂದು ವರ್ಷ ನಾನು ಅವರ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಲಂಡನ್ನಿನಲ್ಲಿ ಬ್ಯಾಂಕುಗಳೆಲ್ಲ ಒತ್ತೊತ್ತಾಗಿ ನಿಂತಿರುವ ಕೇರಿಯಲ್ಲೇ ನಮ್ಮ ಕಚೇರಿ. ತೆರಿಗೆಯ ಹಣ ಸರ್ಕಾರದ ಖರ್ಚಿಗೆ ಸಾಲುವುದಿಲ್ಲ. ಕಡಿಮೆ ಬಿದ್ದದ್ದನ್ನು ಸಾಲಪತ್ರ ಮಾರಿ ತರುವುದು ನಮ್ಮ ಉದ್ಯೋಗ. ಇಂಥ ದಿನ, ಇಷ್ಟು ಹಣ ಬೇಕು, ಇಷ್ಟು ವರ್ಷದ ಮೇಲೆ ಹಿಂದಿರುಗಿಸುತ್ತೇವೆ, ಅಲ್ಲಿಯವರೆಗೆ ಬಡ್ಡಿ ಕೊಡುತ್ತಿರುತ್ತೇವೆ ಎಂದು ಮೂರು ತಿಂಗಳು ಮೊದಲೇ ಪಟ್ಟಿ ಹಾಕುತ್ತೇವೆ. ಹೇಳಿದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹರಾಜು. ಪಟ್ಟಿ ಹಾಕುವವರು ಡೆನೀಸ್, ಹರಾಜು ನಡೆಸುವವರೂ ಡೆನೀಸ್.

ಹರಾಜು ಎಂದರೆ ಕೂಗಾಟ ಅಂದುಕೊಳ್ಳಬೇಡಿ. ಒಂದು ಸಣ್ಣ ಕೋಣೆ, ಐದು ಜನ, ನಾಲ್ಕು ಪರದೆ. ಒಳಗೆ ಹೋಗುವ ಮೊದಲು ಎಲ್ಲರೂ ಫೋನುಗಳನ್ನು ಹೊರಗಿಡಬೇಕು. ಬ್ಯಾಂಕುಗಳು ತಮ್ಮ ಗಿರಾಕಿಗಳ ಪರವಾಗಿ ‘ನಮಗೆ ಇಷ್ಟು, ಈ ಬೆಲೆಗೆ’ ಎಂದು ಬೇಡಿಕೆ ಕಳಿಸುತ್ತವೆ. ಯಾರೂ ಮೊದಲೇ ಬಾಯಿ ಬಿಡುವುದಿಲ್ಲ. ಹತ್ತಕ್ಕೆ ಇನ್ನು ಒಂದು ನಿಮಿಷ ಇದೆ ಎನ್ನುವವರೆಗೆ ಪರದೆ ಹೆಚ್ಚುಕಮ್ಮಿ ಖಾಲಿ. ಆಮೇಲೆ ಅಂಕಿ ದಡದಡನೆ ಏರುತ್ತದೆ. ನಾವು ನೂರು ಕೇಳಿದರೆ ಇನ್ನೂರೈವತ್ತು ಬರುತ್ತದೆ, ಮುನ್ನೂರು ಬರುತ್ತದೆ. ಹೆಚ್ಚು ಬೆಲೆ ಕೊಡುವವರನ್ನು ಆರಿಸಿಕೊಳ್ಳುತ್ತೇವೆ. ಪ್ರಪಂಚದಲ್ಲಿ ಏನೇ ಆದರೂ, ಮಂತ್ರಿಗಳು ವಾರಕ್ಕೊಬ್ಬರು ಬದಲಾದರೂ, ಹತ್ತು ಗಂಟೆಗೆ ಸರ್ಕಾರದ ಮನೆಬಾಗಿಲಿಗೆ ಹಣ ಬಂದು ನಿಲ್ಲುತ್ತದೆ ಎಂಬುದನ್ನು ನಾವು ಗಾಳಿ ಬೆಳಕಿನ ಹಾಗೆ ಒಪ್ಪಿಕೊಂಡುಬಿಟ್ಟಿದ್ದೆವು.

ಡೆನೀಸರಿಗೆ ಈ ನಂಬಿಕೆ ಬಂದದ್ದು ಕಚೇರಿಯಿಂದಲ್ಲ, ಮನೆಯಿಂದ. ಅವರ ತಂದೆ ವಾಲ್ತಮ್‌ಸ್ಟೋದ ಒಂದು ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಸರ್ಕಾರದ ಉಳಿತಾಯ ಪತ್ರ ಮಾರುತ್ತಿದ್ದವರು. ‘ಬ್ಯಾಂಕು ಮುಳುಗ್ಬಹುದು, ಗಂಡ ಓಡಿಹೋಗ್ಬಹುದು, ಈ ದುಡ್ಡು ಮಾತ್ರ ವಾಪಸ್ ಬರುತ್ತೆ ಕಣಮ್ಮ’ ಎಂದು ಹೆಂಗಸರಿಗೆ ಹೇಳುತ್ತಿದ್ದರಂತೆ. ಶಾಲೆ ಬಿಟ್ಟ ಮೇಲೆ ಮಕ್ಕಳಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಅಪ್ಪನ ಕೆಲಸ ಮುಗಿಯುವುದನ್ನು ಕಾಯುತ್ತಿದ್ದರು. ಮಗಳು ಬೆಳೆದು ಸರ್ಕಾರದ ಸಾಲಪತ್ರ ಮಾರುವವಳಾದಳು. ಮಗ ಕ್ಲೈವ್ ಅದನ್ನು ಕೊಳ್ಳುವವನಾದ.

ಕ್ಲೈವ್ ಒಂದು ವಿಮಾ ಕಂಪನಿಯಲ್ಲಿದ್ದ. ಕೆಲಸ ಬಿಟ್ಟ ಮುದುಕರು ಕೂಡಿಟ್ಟದ್ದನ್ನೆಲ್ಲ ಆ ಕಂಪನಿಗೆ ಕೊಡುತ್ತಾರೆ. ಅದು ಅವರು ಸಾಯುವವರೆಗೆ ತಿಂಗಳು ತಿಂಗಳು ಇಷ್ಟು ಎಂದು ಕೊಡುತ್ತದೆ. ಹಾಗಾಗಿ ಕ್ಲೈವನಿಗೆ ಬೇಕಾದದ್ದು ನಲವತ್ತು ಐವತ್ತು ವರ್ಷ ತಪ್ಪದೆ ಬಡ್ಡಿ ಕೊಡುವ ಜಾಗ. ಸರ್ಕಾರದ ಉದ್ದದ ಸಾಲಪತ್ರ ಅಂಥದ್ದು. ಅವನ ಕಂಪನಿಯ ವರದಿ ತೆರೆದರೆ ಸಾಕು, ಪ್ರತಿ ವರ್ಷ ನಮ್ಮದನ್ನು ಎಷ್ಟು ಕೊಂಡಿದ್ದಾರೆಂದು ಯಾರಿಗಾದರೂ ಕಾಣುತ್ತಿತ್ತು. ಅಕ್ಕ ತಮ್ಮ ಎದುರುಬದುರು ಮೇಜಿನವರು ಎಂಬುದನ್ನು ಇಬ್ಬರೂ ತಂತಮ್ಮ ಕಚೇರಿಗೆ ಬರೆದುಕೊಟ್ಟು ರುಜು ಹಾಕಿದ್ದರು. ಮನೆಯಲ್ಲಿ ಕೆಲಸದ ಒಂದು ಮಾತೂ ಆಡಬಾರದು ಎಂಬುದು ಅವರ ನಿಯಮ. ಅವರು ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ಊಟದ ಹೊತ್ತಿಗೆ ರೇಡಿಯೋದಲ್ಲಿ ಬಡ್ಡಿ ದರದ ಸುದ್ದಿ ಬಂದರೆ ಡೆನೀಸ್ ಎದ್ದು ಹೋಗಿ ಆರಿಸಿಬರುತ್ತಿದ್ದರು.

ನನಗೆ ವಿಚ್ಛೇದನವಾದ ಮೇಲೆ ಡೆನೀಸ್ ತಿಂಗಳಿಗೊಂದು ಭಾನುವಾರ ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರು. ಅವರ ಮನೆಯಲ್ಲಿ ತಾಯಿ ಐರಿಸ್ ಇದ್ದರು. ಎಂಬತ್ತೇಳು ವರ್ಷ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆ ಫೆಬ್ರವರಿಯ ಭಾನುವಾರ ಹುರಿದ ಕುರಿಮಾಂಸ, ಪುದೀನದ ಚಟ್ನಿ, ಒಲೆಯಲ್ಲಿ ಗರಿಗರಿಯಾಗಿ ಬೆಂದ ಆಲೂಗಡ್ಡೆ. ಕ್ಲೈವ್ ಸಾಮಾನ್ಯವಾಗಿ ತನ್ನ ತಟ್ಟೆ ಮುಗಿಸಿ ತಾಯಿಯ ತಟ್ಟೆಯ ಆಲೂಗಡ್ಡೆಗೂ ಕೈ ಹಾಕುವವನು. ಅಂದು ಎರಡು ತುತ್ತು ತಿಂದು ಫೋರ್ಕ್ ಕೆಳಗಿಟ್ಟ.

"ಯಾಕೋ, ಹೊಟ್ಟೆ ಸರಿ ಇಲ್ವಾ?" ಐರಿಸ್ ಕೇಳಿದರು.

"ಚೆನ್ನಾಗೇ ಇದೆ ಅಮ್ಮ."

"ಮತ್ತೆ ಮುಖ ಯಾಕೆ ಹಂಗಿದೆ? ಮೀನಿನಂಗಡೀಲಿ ಉಳಿದುಹೋದ ಮೀನು ಇದ್ದಂಗೆ."

ಅವನು ನಕ್ಕ. ಊಟವಾದ ಮೇಲೆ ಯಾರೂ ಹೇಳದೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದ. ಐರಿಸ್ ಅಡುಗೆಮನೆಯ ಕಡೆ ಕತ್ತು ಚಾಚಿ ನೋಡಿ ನನ್ನ ಕಡೆ ವಾಲಿದರು.

"ಐವತ್ತೆರಡು ವರ್ಷದಲ್ಲಿ ಒಂದು ಲೋಟ ತೊಳೆದೋನಲ್ಲ. ಯಾರನ್ನಾದ್ರೂ ಕೊಂದು ಬಂದಿದ್ದಾನಾ ಕೇಳು ಡಂಕನ್."

ಡೆನೀಸ್ ನಗುತ್ತಾ ಪಾತ್ರೆ ಒರೆಸುವ ಬಟ್ಟೆ ಹಿಡಿದು ತಮ್ಮನ ಪಕ್ಕ ಹೋಗಿ ನಿಂತರು. ಇಬ್ಬರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವರು ಹವಾಮಾನದ ಬಗ್ಗೆ ಮಾತಾಡುತ್ತಿದ್ದರು.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಸುದ್ದಿ ಬಂತು. ಆಸ್ಟಿಲಾ ಎಂಬ ಅಮೆರಿಕದ ಕಂಪನಿ ಪೌಂಡಿನಲ್ಲಿ ಸಾಲ ಎತ್ತಲು ಬರುತ್ತಿದೆ. ಯೋಚನೆ ಮಾಡುವ ಯಂತ್ರಗಳನ್ನು ಸಾಕಲು ಊರಗಲದ ಕಟ್ಟಡ ಕಟ್ಟುತ್ತಿದ್ದ ಕಂಪನಿ ಅದು. ಮೊದಲೆಲ್ಲ ಇಂಥವರ ಬಳಿ ಸ್ವಂತ ದುಡ್ಡೇ ಕೊಳೆಯುವಷ್ಟು ಇತ್ತು. ಈಗ ಕಟ್ಟಡಗಳ ಖರ್ಚಿಗೆ ಅದು ಸಾಲದೆ ಡಾಲರಿನಲ್ಲಿ ಎತ್ತಿ, ಯೂರೋದಲ್ಲಿ ಎತ್ತಿ, ನಮ್ಮ ಬೀದಿಗೆ ಬಂದಿದ್ದರು. ಅವರ ಸಾಲಪತ್ರಗಳಲ್ಲಿ ಒಂದರ ಅವಧಿ ನೂರು ವರ್ಷ. ನಮ್ಮ ಹರಾಜು ಮಂಗಳವಾರ: ಇನ್ನೂರೈವತ್ತು ಕೋಟಿ ಪೌಂಡ್, ಐವತ್ತು ವರ್ಷದ್ದು. ಉದ್ದದ ಸಾಲ ಕೊಡುವವರು ಊರಲ್ಲಿ ಲೆಕ್ಕದ ಜನ. ನಾವು ಹೋಗುವ ಬಾಗಿಲಿಗೇ ಆಸ್ಟಿಲಾದವರೂ ಒಂದು ದಿನ ಮೊದಲು ಹೋಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನವರಿಂದ ಮಾತು ಬಂತು. ಆಸ್ಟಿಲಾ ನೂರು ವರ್ಷದ ಪತ್ರಕ್ಕೆ ನೂರು ಕೋಟಿ ಕೇಳಿತ್ತು. ಸಾವಿರ ಕೋಟಿ ಬೇಡಿಕೆ ಬಂದಿತ್ತು.

ನಮ್ಮ ಮುಖ್ಯಸ್ಥ ಹ್ಯಾಡ್ಲೋ ಕೋಟು ಹಾಕಿಕೊಂಡೇ ಡೆನೀಸರ ಮೇಜಿನ ಬಳಿ ಬಂದರು. ಹಣಕಾಸು ಸಚಿವಾಲಯಕ್ಕೆ ಹೊರಟಿದ್ದವರು.

"ಡೆನೀಸ್, ನಾಳೇದನ್ನ ಎರಡು ವಾರ ಮುಂದಕ್ಕೆ ಹಾಕೋಣ್ವಾ?"

"ಏನು ಕಾರಣ ಬರೀಲಿ?"

"ಮಾರುಕಟ್ಟೆ ಪರಿಸ್ಥಿತಿ ಅಂತ ಬರೀರಿ."

"ಒಂದು ಅಂಗಡಿಯೋರು ಬಂದ್ರು ಅಂತ ಸರ್ಕಾರ ಎದ್ದು ಕುರ್ಚಿ ಬಿಟ್ಟುಕೊಡ್ತು ಅಂತ ಓದ್ಕೋತಾರೆ ಸರ್ ಜನ. ಮೂರು ತಿಂಗಳ ಹಿಂದೆ ದಿನ ಹೇಳಿದ್ದೀವಿ. ಹೇಳಿದ ದಿನ ಬರ್ತೀವಿ ಅನ್ನೋದಕ್ಕೇ ನಮ್ಗೆ ಕಮ್ಮಿ ಬಡ್ಡಿಗೆ ಸಿಗೋದು. ಒಂದು ಸಲ ತಪ್ಪಿಸಿದ್ರೆ ಮುಂದಿನ ಪಟ್ಟೀನ ಯಾರು ನಂಬ್ತಾರೆ?"

"ಬೇಡಿಕೆ ಬರದೇ ಹೋದ್ರೆ?"

"ಹಳಬ್ರು ಬರ್ತಾರೆ," ಎಂದರು ಡೆನೀಸ್. "ಕೇಳಿದ್ದರ ಎರಡು ಪಾಲು ಬರದೇ ಇರ್ಬಹುದು. ಒಂದೂವರೆ ಬರುತ್ತೆ."

"ನಿಮ್ಮ ಸಲಹೆ ಬರೆದು ಕೊಡಿ."

ಅವರು ಬರೆದು ಕೊಟ್ಟರು. ಅರ್ಧ ಪುಟ, ಕೆಳಗೆ ರುಜು. ಆಗ ನನಗೂ ಅದು ಸರಿಯೆಂದೇ ತೋರಿತು. ಹ್ಯಾಡ್ಲೋಗೂ ತೋರಿರಬೇಕು, ಇಲ್ಲದಿದ್ದರೆ ಒಪ್ಪುತ್ತಿರಲಿಲ್ಲ.

ಮಂಗಳವಾರ ಒಂಬತ್ತೂ ಐವತ್ತಕ್ಕೆ ನಾವು ಒಳಗೆ ಹೋದೆವು. ಬೇಡಿಕೆಯ ಮೊತ್ತವನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಹತ್ತಕ್ಕೆ ಒಂದು ನಿಮಿಷ ಇರುವಾಗ ಪರದೆಯ ಮೇಲೆ ನಲವತ್ತು ಕೋಟಿ ಇತ್ತು. ಅದು ಸಹಜವೇ. ನಲವತ್ತು ಸೆಕೆಂಡ್ ಇರುವಾಗ ನೂರ ಹತ್ತು. ಇಪ್ಪತ್ತು ಇರುವಾಗ ನೂರ ಎಂಬತ್ತು. ನಾನು ಮುಂದಿನ ಅಂಕಿ ಓದಲು ಉಸಿರೆಳೆದುಕೊಂಡೆ. ಇನ್ನೂರ ಮೂವತ್ತೊಂದು. ಅಲ್ಲಿಗೆ ನಿಂತಿತು. ಗಡಿಯಾರ ಹತ್ತು ಹೊಡೆಯಿತು, ಪರದೆಯ ಮೂಲೆಯಲ್ಲಿ ‘ಮುಗಿದಿದೆ’ ಎಂದು ಬಂತು.

"ಇನ್ನೂರ ಮೂವತ್ತೊಂದು," ಎಂದೆ.

"ಪೂರ್ತಿ ಓದು," ಎಂದರು ಡೆನೀಸ್. ಅವರು ತಮ್ಮ ಹಾಳೆಯ ಮೇಲೆ ಬೇರೇನೋ ಬರೆದುಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

"ಅಷ್ಟೇ ಇರೋದು."

"ಐನೂರ ಮೂವತ್ತೊಂದಾ?"

"ಇನ್ನೂರ. ಇನ್ನೂರ ಮೂವತ್ತೊಂದು ಕೋಟಿ."

ಈಗ ತಲೆ ಎತ್ತಿದರು. ಅವರ ತುಟಿಯ ಮೇಲೆ, ಮಾತು ಸರಿಯಾಗಿ ಕೇಳಿಸದ ಮನುಷ್ಯರ ತುಟಿಯ ಮೇಲೆ ಇರುತ್ತದಲ್ಲ, ಅಂಥ ಸಣ್ಣ ನಗು ಇತ್ತು. ಯಂತ್ರ ನೋಡಿಕೊಳ್ಳುವವನ ಕಡೆ ತಿರುಗಿ, "ಯಾವುದಾದ್ರೂ ಬ್ಯಾಂಕಿನ ಲೈನ್ ಹೋಗಿದೆಯಾ ನೋಡು," ಎಂದರು. ಅವನು ನೋಡಿದ. ಎಲ್ಲ ಬ್ಯಾಂಕುಗಳೂ ಇದ್ದವು. ಎಲ್ಲರೂ ಕಳಿಸಬೇಕಾದದ್ದನ್ನು ಕಳಿಸಿದ್ದರು. ಮತ್ತೊಮ್ಮೆ ನೋಡು ಎಂದರು. ಮತ್ತೊಮ್ಮೆ ನೋಡಿದ.

ಡೆನೀಸ್ ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಇನ್ನೂರೈವತ್ತು ಬರೆದರು, ಅದರ ಕೆಳಗೆ ಇನ್ನೂರ ಮೂವತ್ತೊಂದು ಬರೆದು ಗೆರೆ ಎಳೆದು ಕಳೆದರು. ಹತ್ತೊಂಬತ್ತು. ಅದರ ಪಕ್ಕದಲ್ಲೇ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿದರು. ಐವತ್ತು ವರ್ಷದ ಬಡ್ಡಿಯನ್ನು ಪೆನ್ನಿಲ್ಲದೆ ಬಾಯಲ್ಲೇ ಹೇಳಬಲ್ಲ ಹೆಂಗಸು ಶಾಲೆಯ ಹುಡುಗಿಯಂತೆ ಕಳೆಯುವ ಲೆಕ್ಕ ಎರಡು ಸಲ ಮಾಡುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಸರ್ಕಾರ ಕೈ ಚಾಚಿತ್ತು, ಕೊಡುವವರು ಇರಲಿಲ್ಲ. ಬಂದ ಬೇಡಿಕೆಯಲ್ಲೂ ಕೊನೆಯ ಮೂವತ್ತು ಕೋಟಿ, ಹಳೆ ಸಾಮಾನಿಗೆ ಕೇಳುವಂಥ ಬೆಲೆಗೆ ಕೇಳಿದ್ದು.

ಫಲಿತಾಂಶವನ್ನು ಕೆಲವೇ ನಿಮಿಷದಲ್ಲಿ ಹೊರಗೆ ಹಾಕಬೇಕು. ಹ್ಯಾಡ್ಲೋ ಸಚಿವಾಲಯದಲ್ಲಿದ್ದರು. ಡೆನೀಸ್ ಕೋಣೆಯ ಫೋನಿನಿಂದ ಅವರಿಗೆ ಕರೆ ಮಾಡಿ ಅಂಕಿ ಹೇಳಿದರು. ಅವರು, "ಇದ್ದದ್ದನ್ನ ಇದ್ದಂಗೆ ಹಾಕಿ," ಎಂದರಂತೆ.

ಡೆನೀಸ್ ಗುಂಡಿಯ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು: "ನನ್ನ ಕೈ ನಡುಗ್ತಿದೆಯಾ ಡಂಕನ್?"

"ಇಲ್ಲ."

"ಯಾಕೆ ನಡುಗ್ತಿಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಒತ್ತಿದರು.

ಮುಂದಿನದ್ದನ್ನು ಎಲ್ಲರೂ ನೋಡಿದರು. ಹತ್ತೂವರೆಯ ಹೊತ್ತಿಗೆ ನಮ್ಮ ಹಳೆಯ ಸಾಲಪತ್ರಗಳ ಬೆಲೆಯೆಲ್ಲ ಬಿತ್ತು, ಅಂದರೆ ಸರ್ಕಾರ ಇನ್ನು ಮುಂದೆ ಕೊಡಬೇಕಾದ ಬಡ್ಡಿ ಏರಿತು. ಮಧ್ಯಾಹ್ನಕ್ಕೆ ಮೂರು ಬ್ಯಾಂಕುಗಳು ಮನೆ ಸಾಲದ ದರಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡವು. ಸಂಜೆ ಪತ್ರಿಕೆಯೊಂದು ಮುಖಪುಟದಲ್ಲಿ ಹಾಕಿತು: ಕಂಪನಿಗೆ ನೂರು ವರ್ಷ ಕೊಟ್ಟರು, ಸರ್ಕಾರಕ್ಕೆ ಐವತ್ತೂ ಕೊಡಲಿಲ್ಲ. ನಮ್ಮ ಕಚೇರಿಯಲ್ಲಿ ಅಂದು ಜನ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಆರು ಗಂಟೆಗೆ ನಾನೂ ಡೆನೀಸೂ ಹೊರಗೆ ಬಂದಾಗ ಕ್ಲೈವ್ ಎದುರಿನ ಕಾಲುದಾರಿಯಲ್ಲಿ ನಿಂತಿದ್ದ. ರೈಲು ನಿಲ್ದಾಣದ ಕಡೆ ಜನ ಹರಿದು ಹೋಗುತ್ತಿದ್ದರು. ಅವನು ಅವರ ಮಧ್ಯೆ ದಾಟಿಕೊಂಡು ಬಂದ. ನಾನು ಹೊರಡುತ್ತೇನೆಂದೆ.

"ನಿಂತ್ಕೋ," ಎಂದರು ಡೆನೀಸ್. "ಇವತ್ತಿಂದು ಯಾವುದನ್ನೂ ನಾನೊಬ್ಬಳೇ ಕೇಳಲ್ಲ."

"ಡೆನ್," ಎಂದ ಕ್ಲೈವ್.

"ಭಾನುವಾರ ನಿಂಗೆ ಗೊತ್ತಿತ್ತಾ?"

"ಶುಕ್ರವಾರ ಗೊತ್ತಾಯ್ತು. ಬ್ಯಾಂಕಿನೋರು ಗುಟ್ಟಾಗಿ ಕೇಳಿದ್ರು, ಆಸ್ಟಿಲಾ ಬಂದ್ರೆ ತಗೋತೀರಾ ಅಂತ. ಆಮೇಲೆ ಬಾಯಿ ಬಿಟ್ರೆ ಜೈಲು. ನಿಂಗೇ ಗೊತ್ತಲ್ಲ."

"ನೀನು ಹೇಳ್ಬೇಕಿತ್ತು ಅಂತ ನಾನಂದ್ನಾ?"

"ಇಲ್ಲ."

"ಎಷ್ಟು ಕೇಳ್ದೆ?"

"ನಲವತ್ತು ಕೋಟಿ. ಎಲ್ರಿಗೂ ಹಂಚಿದ್ರಲ್ಲ, ಉದ್ದಕ್ಕೆ ಇಟ್ಕೊಳ್ಳೋರು ಅಂತ ನಮ್ಗೆ ಜಾಸ್ತಿ ಕೊಟ್ರು, ಹದಿನಾರು ಸಿಕ್ತು."

ಡೆನೀಸ್ ಕಣ್ಣು ಮಿಟುಕಿಸಲಿಲ್ಲ. "ಹಂಗಾದ್ರೆ ನಿನ್ನೆ ಸಂಜೆ ನಿನ್ನ ಕೈಯಲ್ಲಿ ಇಪ್ಪತ್ನಾಲ್ಕು ಉಳಿದಿತ್ತು."

"ಉಳಿದಿತ್ತು."

"ಇವತ್ತು ನಮ್ಮ ಹತ್ರ ಎಷ್ಟಕ್ಕೆ ಬಂದೆ?"

ಕ್ಲೈವ್ ಅಕ್ಕನ ಮುಖ ನೋಡದೆ ಅವಳ ಹೆಗಲಿನ ಚೀಲದ ಪಟ್ಟಿಯನ್ನು ನೋಡುತ್ತಿದ್ದ. "ಬರಲಿಲ್ಲ ಡೆನ್. ಇನ್ನೂ ಎರಡು ಕಂಪನಿ ಬೇಸಿಗೆ ಒಳಗೆ ಬರ್ತಾವೆ ಅಂತ ಊರೆಲ್ಲ ಮಾತಿದೆ. ಅದಕ್ಕೆ ಇಟ್ಕೊಂಡೆ."

"ಸುಮ್ನೆ ಇಟ್ಕೊಂಡೆ."

"ಹೌದು."

"ನಮ್ಗೆ ಕಡಿಮೆ ಬಿದ್ದಿದ್ದು ಹತ್ತೊಂಬತ್ತು."

"ಪೇಪರಲ್ಲಿ ನೋಡ್ದೆ." ಅವನ ಧ್ವನಿ ಒಡೆಯಿತು. "ಅದು ನನ್ನ ದುಡ್ಡಲ್ಲ ಡೆನ್, ಮುದುಕ್ರ ದುಡ್ಡು. ಆಸ್ಟಿಲಾದೋರು ನಿಮಗಿಂತ ಮುಕ್ಕಾಲು ಪರ್ಸೆಂಟ್ ಜಾಸ್ತಿ ಕೊಡ್ತಾರೆ. ಸಾಲ ಇನ್ನೂ ಕಮ್ಮಿ ಇದೆ ಅವರಿಗೆ, ಆದಾಯ ವರ್ಷ ವರ್ಷ ಏರ್ತಿದೆ. ಸರ್ಕಾರದ್ದು ಹಂಗಿದೆಯಾ? ನೀನೇ ಹೇಳು."

"ಯೋಚ್ನೆ ಮಾಡೋಕೆ ಎಷ್ಟು ಹೊತ್ತು ತಗೊಂಡೆ?"

"ಏನು?"

"ಸರ್ಕಾರದ್ದು ಬೇಡ ಅಂತ ತೀರ್ಮಾನ ಮಾಡೋಕೆ. ಎಷ್ಟು ಹೊತ್ತು?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಒಂದು ಟೀ ಕುಡಿಯೋಷ್ಟು ಹೊತ್ತು," ಎಂದ.

ಇಪ್ಪತ್ನಾಲ್ಕು ಕೋಟಿ ಎಂದಾಗಲೂ ಬದಲಾಗದಿದ್ದ ಡೆನೀಸರ ಮುಖ ಈ ಮಾತಿಗೆ ಬಿಳಿಚಿಕೊಂಡಿತು. ತಿರುಗಿ ನಡೆದರು. ನಾನು ಹಿಂದೆಯೇ ಓಡಿದೆ. ನಿಲ್ದಾಣದಲ್ಲಿ ಅವರು ತಮ್ಮ ರೈಲಿನ ಪ್ಲಾಟ್‌ಫಾರಂ ದಾಟಿ ಮುಂದೆ ಹೋಗಿಬಿಟ್ಟಿದ್ದರು. ತೋಳು ಹಿಡಿದು ಕರೆತರಬೇಕಾಯಿತು.

ಬುಧವಾರ ಬೆಳಿಗ್ಗೆ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಮೇಜಿನ ತುಂಬ ಹಾಳೆಗಳು, ಎಲ್ಲದರಲ್ಲೂ ಅವರ ಸಣ್ಣ ಅಂಕಿಗಳು.

"ಅವನು ತಪ್ಪು ಮಾಡಿದ್ರೆ ಚೆನ್ನಾಗಿತ್ತು ಕಣೋ," ಎಂದರು. "ಬೈದು ಮುಗಿಸ್ತಿದ್ದೆ. ಅವನ ಕುರ್ಚೀಲಿ ನಾನು ಕೂತಿದ್ರೆ ಅಂತ ಲೆಕ್ಕ ಹಾಕ್ತಾ ಬಂದೆ. ಹೆಂಗೆ ಹಾಕಿದ್ರೂ ಅವನು ಮಾಡಿದ್ದೇ ಬರುತ್ತೆ. ನಾನೇ ಅಲ್ಲಿದ್ದಿದ್ರೂ ನಮ್ಮ ಹತ್ರ ಬರ್ತಿರ್ಲಿಲ್ಲ."

ಸಚಿವಾಲಯ ವರದಿ ಕೇಳಿತು. ಹ್ಯಾಡ್ಲೋ ಒಳ್ಳೆಯವರು, ‘ಕಚೇರಿಯ ತೀರ್ಮಾನ’ ಎಂದು ಬರೆದು ಎಲ್ಲರನ್ನೂ ಸೇರಿಸಿ ಮುಗಿಸಲು ನೋಡಿದರು. ಡೆನೀಸ್ ಆ ಸಾಲನ್ನು ಹೊಡೆದು ಹಾಕಿ, ದಿನ ಬದಲಿಸಬಾರದೆಂದು ಬರೆದುಕೊಟ್ಟವಳು ತಾನು, ಹೆಸರು ಇಂಥದ್ದು ಎಂದು ಸೇರಿಸಿ ಕಳಿಸಿದರು. ಅವರಿಗೆ ಶಿಕ್ಷೆಯೇನೂ ಆಗಲಿಲ್ಲ. ದೊಡ್ಡ ಸಾಲ ಕೊಡುವವರನ್ನೆಲ್ಲ ಭೇಟಿಯಾಗಿ, ಅವರಿಗೆ ಏನು ಬೇಕೆಂದು ಕೇಳಿಕೊಂಡು ಬರಬೇಕೆಂದು ಮಾತ್ರ ಆಜ್ಞೆಯಾಯಿತು. ಪಟ್ಟಿಯಲ್ಲಿ ಕ್ಲೈವನ ಕಂಪನಿಯೂ ಇತ್ತು. ಡೆನೀಸ್ ಅದನ್ನು ಬೇರೆಯವರಿಗೆ ಬಿಡಬಹುದಿತ್ತು, ಬಿಡಲಿಲ್ಲ.

ಮಾರ್ಚ್ ಎರಡನೆಯ ವಾರ ನಾವಿಬ್ಬರೂ ಹೋದೆವು. ಹನ್ನೆರಡನೆಯ ಮಹಡಿ, ಉದ್ದನೆಯ ಮೇಜು. ಆ ಕಡೆ ಕ್ಲೈವ್, ಅವನ ಪಕ್ಕ ಅವರ ವಕೀಲೆ. ಮಾತಾಡಿದ್ದನ್ನೆಲ್ಲ ಬರೆದುಕೊಳ್ಳಲು ಬಂದವಳು. ಅಕ್ಕ ತಮ್ಮ ಕೈಕುಲುಕಿದರು.

"ಬನ್ನಿ ಮಿಸ್ ಪಾರ್ಫಿಟ್, ಕೂತ್ಕೊಳ್ಳಿ," ಎಂದ ಕ್ಲೈವ್. "ಕಾಫಿ ತರಿಸ್ಲಾ?"

"ಬೇಡ, ಥ್ಯಾಂಕ್ಸ್. ನೇರವಾಗಿ ಕೇಳ್ಬಿಡ್ತೀನಿ. ಐವತ್ತು ವರ್ಷದ ಸಾಲಪತ್ರ ಮತ್ತೆ ತಂದ್ರೆ ನೀವು ಬರ್ತೀರಾ?"

"ಬರೋದು ಕಷ್ಟ."

"ಬಡ್ಡಿ ಏರಿಸಿದ್ರೆ?"

"ನೀವೆಷ್ಟು ಏರಿಸಿದ್ರೂ ಆಸ್ಟಿಲಾದಂಥೋರು ಅದರ ಮೇಲೆ ಒಂದಿಷ್ಟು ಕೊಡ್ತಾರೆ. ಅವರಿಗೆ ಬೇಕಾಗಿರೋದು ಬೆಲೆ ಅಲ್ಲ ಮೇಡಂ, ದುಡ್ಡು. ಎಷ್ಟಾದ್ರೂ ಸರಿ, ಇವತ್ತೇ ಬೇಕು ಅವರಿಗೆ."

"ಈ ವರ್ಷ ನಿಮ್ಮ ಉದ್ದದ ದುಡ್ಡಲ್ಲಿ ಅವರ ಪಾಲೆಷ್ಟು, ನಮ್ಮ ಪಾಲೆಷ್ಟು, ಅಂದಾಜು ಹೇಳೋಕಾಗುತ್ತಾ?"

ಕ್ಲೈವ್ ವಕೀಲೆಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. "ಮೂರರಲ್ಲಿ ಎರಡು ಪಾಲು ಅವರಿಗೆ," ಎಂದ. "ಉಳಿದಿದ್ರಲ್ಲಿ ನಿಮಗೆ."

"ಉಳಿದಿದ್ದು ಪೂರ್ತಿ ನಮಗಾ?"

"ಅದರಲ್ಲೂ ನೀರಿನ ಕಂಪನಿಗಳು, ರೈಲಿನೋರು, ಎಲ್ಲ ಇದ್ದಾರಲ್ಲ."

ಡೆನೀಸ್ ಬರೆದುಕೊಂಡರು. ನಾಳೆ ಹಾಲಿನವನಿಗೆ ಎಷ್ಟು ಬಾಟಲಿ ಬೇಕೆಂದು ಗುರುತು ಹಾಕಿಕೊಳ್ಳುವಷ್ಟೇ ನಿಧಾನವಾಗಿ. ಹತ್ತು ವರ್ಷದ ಹಿಂದೆ ಇದೇ ಕಂಪನಿ ಉದ್ದದ ಹಣದಲ್ಲಿ ಹತ್ತಕ್ಕೆ ಎಂಟು ಪಾಲು ನಮಗೆ ಕೊಡುತ್ತಿತ್ತು. ಹೊರಗೆ ಬಂದು ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಡೆನೀಸ್ ಗೋಡೆಗೆ ಒರಗಿ ನಿಂತರು.

"ನನ್ನನ್ನ ಮೇಡಂ ಅಂದ," ಎಂದರು.

ಅಲ್ಲಿಯವರೆಗೆ ನಾಲ್ಕು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕ್ಲೈವ್ ಬಂದಿರಲಿಲ್ಲ. ಐದನೆಯದಕ್ಕೆ ಐರಿಸ್ ತಾವೇ ಫೋನ್ ಮಾಡಿ ಅವನನ್ನು ಕರೆದರು, ನನ್ನನ್ನೂ ಕರೆದರು. ಊಟದ ಮಧ್ಯೆ ಚಾಕು ಫೋರ್ಕ್ ಎರಡನ್ನೂ ಕೆಳಗಿಟ್ಟು, "ಇವತ್ತು ನಿಯಮ ಇಲ್ಲ," ಎಂದರು. "ಏನು ನಡೀತು ಅಂತ ನನಗೂ ಅರ್ಥ ಆಗೋ ಹಂಗೆ ಹೇಳಿ."

ಕ್ಲೈವ್ ಹೇಳಿದ. ಪೇಪರಿನಲ್ಲಿ ಬಂದಷ್ಟನ್ನೇ ಹೇಳಿದ, ಅಳೆದು ತೂಗಿ. ಐರಿಸ್ ಗಮನವಿಟ್ಟು ಕೇಳಿದರು. ಅವರಿಗೂ ತಿಂಗಳು ತಿಂಗಳು ಒಂದಿಷ್ಟು ಹಣ ಬರುತ್ತಿದ್ದದ್ದು ಮಗನ ಕಂಪನಿಯಿಂದಲೇ. ಗಂಡ ಉಳಿಸಿಟ್ಟದ್ದನ್ನು ಅಲ್ಲಿ ಹಾಕಿದ್ದರು.

"ಅಂದ್ರೆ ನಿಮ್ಮಪ್ಪನ ದುಡ್ಡು ಈಗ ಯಾರ ಹತ್ರ ಇದೆ?"

"ಸ್ವಲ್ಪ ಸರ್ಕಾರದ ಹತ್ರ ಇದೆ ಅಮ್ಮ. ಸ್ವಲ್ಪ ಆಸ್ಟಿಲಾ ಹತ್ರ."

"ಅದೇ, ಪಕ್ಕದ ಮನೆ ಹೆಂಗಸು ಹಗಲೂ ರಾತ್ರಿ ಮಾತಾಡ್ಸ್ತಾಳಲ್ಲ ಆ ಡಬ್ಬಿ, ಅದನ್ನ ಮಾಡೋರಾ?"

"ಅವರೇ."

"ಮೊನ್ನೆ ಅದು ಅವಳ ಬೆಕ್ಕಿಗೆ ಹುಟ್ಟುಹಬ್ಬದ ಶುಭಾಶಯ ಹೇಳ್ತು. ಬೆಕ್ಕು ಸತ್ತು ಎರಡು ವರ್ಷ ಆಗಿದೆ." ಐರಿಸ್ ಮಗಳ ಕಡೆ ತಿರುಗಿದರು. "ಅವರು ನೂರು ವರ್ಷ ಇರ್ತಾರಾ ಡೆನೀಸ್?"

"ಯಾರಿಗೂ ಗೊತ್ತಿಲ್ಲ ಅಮ್ಮ."

"ಸರ್ಕಾರ ಇರುತ್ತಲ್ಲ?"

ಡೆನೀಸ್ ಉತ್ತರ ಕೊಡಲಿಲ್ಲ. ಹಿಂದೆ ಆಗಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಹೌದು ಎನ್ನುತ್ತಿದ್ದರು. ಐರಿಸ್ ಕಾದರು. ಕಾದು, ಉತ್ತರ ಬರುವುದಿಲ್ಲ ಎಂದು ತಿಳಿದ ಕ್ಷಣ ಆ ಮುದುಕಿಯ ಮುಖ ಖಾಲಿಯಾಯಿತು. ಕ್ಲೈವ್ ತಾಯಿಯ ಕೈ ಹಿಡಿದುಕೊಂಡ. ಡೆನೀಸ್ ಎದ್ದು ಹೋಗಿ ಸೇಬಿನ ಕಡುಬು ತಂದು ಎಲ್ಲರಿಗೂ ಬಡಿಸಿದರು, ತಮ್ಮನ ತಟ್ಟೆಗೂ ಬಡಿಸಿದರು. ಅಷ್ಟರಮಟ್ಟಿಗೆ ಅವರಿಬ್ಬರ ಮಧ್ಯೆ ಸರಿಹೋಯಿತು. ಅದಕ್ಕಿಂತ ಹೆಚ್ಚು ಮಾತು ಆಗಲಿಲ್ಲ.

ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆ ಬಂತು. ಪಟ್ಟಿ ಇನ್ನು ಮೂರು ತಿಂಗಳು ಮೊದಲಲ್ಲ, ಒಂದು ತಿಂಗಳು ಮೊದಲು. ಐವತ್ತು ವರ್ಷದ ಸಾಲಪತ್ರ ಸದ್ಯಕ್ಕಿಲ್ಲ. ಐದು, ಹತ್ತು ವರ್ಷದವನ್ನೇ ಹೆಚ್ಚು ಮಾರುವುದು. ಅಂದರೆ ಹಳೆಯ ಸಾಲ ತೀರಿಸಲು ಸರ್ಕಾರ ಮೊದಲಿಗಿಂತ ಹೆಚ್ಚು ಸಲ ಹೊಸ ಸಾಲ ಕೇಳಲು ಹೋಗಬೇಕು. ಇನ್ನೊಂದು ಸಣ್ಣ ಬದಲಾವಣೆ, ಎಲ್ಲೂ ಬರೆದಿಡದದ್ದು: ಪಟ್ಟಿ ಹಾಕುವ ಮೊದಲು ಕಂಪನಿಗಳ ಸಾಲಪತ್ರ ಮಾರುವ ಬ್ಯಾಂಕುಗಳಿಗೆ ಫೋನ್ ಮಾಡಿ, ಯಾವ ವಾರ ನಾವು ಬರುವುದು ಬೇಡ ಎಂದು ಕೇಳಿಕೊಳ್ಳಬೇಕು.

ಮೊದಲ ಫೋನನ್ನು ಡೆನೀಸ್ ಮಾಡಿದರು. ಎರಡೂ ಕಡೆಯ ಮಾತು ಕೇಳುವಂತೆ ನನಗೂ ಒಂದು ಇಯರ್‌ಫೋನ್ ಕೊಟ್ಟಿದ್ದರು. ಎತ್ತಿಕೊಂಡವನು ಇಪ್ಪತ್ತಾರು ಇಪ್ಪತ್ತೇಳರ ತರುಣ ಇರಬೇಕು, ಧ್ವನಿ ಸೌಜನ್ಯದ್ದು.

"ಸರ್ಕಾರದಿಂದ ಮಾತಾಡ್ತಿರೋದಾ? ಒಂದು ನಿಮಿಷ ಲೈನಲ್ಲೇ ಇರಿ ಮೇಡಂ."

ಲೈನಿನಲ್ಲಿ ಸಂಗೀತ ಹಾಕಿ ಹೋದ. ನಾಲ್ಕು ನಿಮಿಷ ಪಿಯಾನೋ ನುಡಿಯಿತು. ಡೆನೀಸ್ ಪೆನ್ನು ಹಿಡಿದು ಕಾದರು.

"ಯಾರು ಬರ್ತಾರೆ ಅಂತ ಹೇಳೋಕಾಗಲ್ಲ, ನಿಮಗೆ ಗೊತ್ತಿರುತ್ತೆ," ಎಂದ ಅವನು ವಾಪಸ್ ಬಂದು. "ಮೇ ಮೊದಲ ವಾರ ಬೇಡ. ಎರಡನೇದೂ ಬೇಡ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಸ್ವಲ್ಪ ಬಿಗಿ ಇದೆ. ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ನಿಮಗೆ ಜಾಗ ಮಾಡ್ಕೊಡ್ಬಹುದು."

"ಜಾಗ," ಎಂದರು ಡೆನೀಸ್.

"ಹೌದು ಮೇಡಂ. ಹತ್ತೂವರೆ ಒಳಗೆ ಮುಗಿಸ್ಕೊಂಡ್ರೆ ಇನ್ನೂ ಒಳ್ಳೇದು."

ಅವನಿಗೆ ಅವಮಾನ ಮಾಡುವ ಉದ್ದೇಶವೇನೂ ಇರಲಿಲ್ಲ. ತನ್ನಿಂದಾದ ಸಹಾಯ ಮಾಡುತ್ತಿದ್ದ. ಡೆನೀಸ್ ಅವನಿಗೆ ವಂದನೆ ಹೇಳಿ ಫೋನ್ ಇಟ್ಟರು. ಇಟ್ಟ ಮೇಲೂ ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ. ಯುದ್ಧಗಳಿಗೆ, ಆಸ್ಪತ್ರೆಗಳಿಗೆ, ರೈಲಿಗೆ, ಶಾಲೆಗೆ ಮುನ್ನೂರು ವರ್ಷ ಹಣ ಎತ್ತಿದ ಸರ್ಕಾರಕ್ಕೆ ಬೆಳಗಿನ ಅರ್ಧ ಗಂಟೆ ಬಿಡುವು ಮಾಡಿಕೊಟ್ಟಿದ್ದರು.

ಇಪ್ಪತ್ತೆರಡನೇ ತಾರೀಕಿನ ಹರಾಜು ಚೆನ್ನಾಗಿಯೇ ಆಯಿತು. ಹತ್ತು ವರ್ಷದ ಪತ್ರ, ಒಂದೂವರೆ ಪಾಲಿನ ಮೇಲೆ ಬೇಡಿಕೆ. ಹ್ಯಾಡ್ಲೋ ಎಲ್ಲರಿಗೂ ಕೇಕು ತರಿಸಿದರು. ಡೆನೀಸ್ ಒಂದು ತುಂಡು ತಿಂದು, ತಟ್ಟೆ ತೊಳೆದಿಟ್ಟು, ನಿವೃತ್ತಿಯ ಅರ್ಜಿ ಕೊಟ್ಟರು. ಸಿಟ್ಟಿನಿಂದಲ್ಲ, ನಾಟಕವೂ ಇಲ್ಲ. ಕಾರಣ ಕೇಳಿದಾಗ, "ಹರಾಜು ಶುರುವಾಗೋಕೆ ಮುಂಚೆ ನಂಗೆ ಭಯ ಆಯ್ತು," ಎಂದರು. "ಇಷ್ಟು ವರ್ಷ ಒಂದು ದಿನಾನೂ ಆಗಿರ್ಲಿಲ್ಲ."

ಸೆಪ್ಟೆಂಬರಿನಲ್ಲಿ ಅವರು ಹೊರಟರು. ಕ್ಲೈವ್ ಅದೇ ಕಂಪನಿಯಲ್ಲಿದ್ದಾನೆ. ಆಸ್ಟಿಲಾ ಈವರೆಗೆ ಬಡ್ಡಿಯನ್ನು ಒಂದು ದಿನವೂ ತಡ ಮಾಡಿಲ್ಲ. ಮುಂದಿನ ತಿಂಗಳ ಪಟ್ಟಿ ಹಾಕುವುದು ನನ್ನ ಪಾಲಿಗೆ ಬಂದಿದೆ. ಬ್ಯಾಂಕಿನ ಆ ತರುಣ ನನ್ನ ಧ್ವನಿಯ ಗುರುತು ಹಿಡಿಯುತ್ತಾನೆ, ಈಗ ಸಂಗೀತ ಹಾಕುವುದಿಲ್ಲ.